ಏಳನೆಯ ಹಾಡಿನ ತಾಳ

ಎಲ್ಲದಕ್ಕೂ ಕಾರಣ ಒಂದು ಕೇಕು. ಅದನ್ನು ಕೊಡದೆ ಇದ್ದಿದ್ದರೆ ಡ್ರಮ್ಸಿನ ಹಿಂದಿನ ಸ್ಟೂಲು ಇವತ್ತಿಗೂ ಅವನದೇ ಆಗಿರುತ್ತಿತ್ತು.

ಅವನು ಗಡಿಯಾರ ರಿಪೇರಿಯವನು. ಹತ್ತೊಂಬತ್ತು ವರ್ಷದ ಹಿಂದೆ ‘ಹಳೇ ಬ್ಯಾಟರಿ’ ಎಂಬ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ಊರಿನ ಗಡಿಯಾರಗಳನ್ನೆಲ್ಲ ದಾರಿಗೆ ತಂದ ಆ ಕೈ ಹಾಡಿನಲ್ಲಿ ಮಾತ್ರ ಯಾವಾಗಲೂ ಅರ್ಧ ಹೆಜ್ಜೆ ಹಿಂದೆ, ಊಟ ಮುಗಿದ ಮೇಲೆ ಬರುವ ನೆಂಟನ ಹಾಗೆ. ಬ್ಯಾಂಡು ಒಡೆದದ್ದೂ ಅದಕ್ಕೇ. ಈಗ ಉಳಿದ ಇಬ್ಬರೇ ಮತ್ತೆ ಕೂಡಿ, ಅವನ ಮೂರನೇ ಮಹಡಿಯ ಮನೆಯಲ್ಲೇ ರೆಕಾರ್ಡ್ ಮಾಡಿ, ‘ಮತ್ತೆ ಚಾರ್ಜ್ ಆಯ್ತು’ ಎಂಬ ಆಲ್ಬಂ ತಂದಿದ್ದರು. ಬಿಡುಗಡೆ ಅವತ್ತು ಬೆಳಿಗ್ಗೆ ಹತ್ತಕ್ಕೆ. ಬ್ಯಾಂಡಿನ ಮುಖ್ಯಸ್ಥ, ಗಿಟಾರ್ ನುಡಿಸುವ ಕನ್ನಡಕದಂಗಡಿಯವನು, ಮೊದಲೇ ಹೇಳಿಬಿಟ್ಟಿದ್ದ: “ಈ ಸಲಾನೂ ತಾಳ ತಪ್ಪಿತು ಅಂದ್ರೆ ಬೇರೆಯವ್ರನ್ನ ಹುಡುಕ್ತೀನಿ. ಆಮೇಲೆ ಮುಖ ಊದಿಸ್ಕೋಬೇಡ.”

ಒಂಬತ್ತೂವರೆಗೆ ಅವನು ಕೇಕು ಹಿಡಿದು ಕೆಳಗಿನ ಮನೆಯ ಬಾಗಿಲು ತಟ್ಟಿದ. ಅಲ್ಲಿದ್ದವರು ನಿವೃತ್ತ ಟೈಪಿಂಗ್ ಟೀಚರ್. ಮೂವತ್ತನಾಲ್ಕು ವರ್ಷ ಸ್ಕೇಲಿನಿಂದ ಮೇಜು ಕುಟ್ಟಿ, ಅದೇ ತಾಳಕ್ಕೆ ಮಕ್ಕಳ ಬೆರಳು ಓಡಿಸಿದವರು. ಎರಡು ತಿಂಗಳಿಂದ ಅವನು ಡ್ರಮ್ಸ್ ಮುಟ್ಟಿದಾಗಲೆಲ್ಲ ಊರುಗೋಲಿನಿಂದ ತಮ್ಮ ಮನೆಯ ಚಾವಣಿಗೆ ಕುಟ್ಟಿ ಪ್ರತಿಭಟಿಸಿದ್ದರು.

“ಟೀಚರ್, ತುಂಬಾ ತಲೆ ತಿಂದುಬಿಟ್ವಿ. ಕ್ಷಮಿಸ್ಬೇಕು.”

ಟೀಚರ್ ಕೇಕನ್ನೂ ಅವನನ್ನೂ ನೋಡಿದರು. “ಇಷ್ಟು ಮರ್ಯಾದೆ ಇದ್ಯೇನಪ್ಪ ನಿಂಗೆ? ಸರಿ. ಇನ್ಮೇಲೆ ನೀನು ಮನೇನೇ ಕೆಡವಿದ್ರೂ ನಾನು ಕುಟ್ಟಲ್ಲ. ಮಾತು ಅಂದ್ರೆ ಮಾತು.”

ಅವನು ಗೆದ್ದವನ ಹಾಗೆ ಮೆಟ್ಟಿಲಿಳಿದು ಅಂಗಡಿಗೆ ಹೋದ.

ಹನ್ನೊಂದಕ್ಕೆ ಎದುರುಮನೆಯ ವಿಮಾ ಏಜೆಂಟ್ ಏದುಸಿರು ಬಿಡುತ್ತ ಅಂಗಡಿಗೆ ನುಗ್ಗಿದ. “ಸಾರ್, ರೇಡಿಯೋ ಹಾಕಿ! ನಿಮ್ಮನ್ನೇ ಹೊಗಳ್ತಿದಾರೆ!”

ನಿರೂಪಕಿ ಹೇಳುತ್ತಿದ್ದಳು: “ಆರು ಹಾಡು ಸುಮಾರು. ಆದ್ರೆ ಏಳನೆಯದು, ‘ಲಿಫ್ಟ್ ಕೆಟ್ಟಿದೆ’, ಕೇಳಿ. ಈ ಡ್ರಮ್ಮರ್ ಇಷ್ಟು ವರ್ಷ ಎಲ್ಲಿ ಅಡಗಿದ್ದ? ಸಂಜೆ ಐದಕ್ಕೆ ಇವ್ರ ಮನೆಯಿಂದಲೇ ನೇರ ಪ್ರಸಾರ!”

ಹಾಡು ಬಂತು. ಅವನು ಕಾಲು ಅಲ್ಲಾಡಿಸುತ್ತ ಕೇಳಿದ. ಅರ್ಧ ನಿಮಿಷದಲ್ಲಿ ಕಾಲು ನಿಂತಿತು. ಆ ಪೆಟ್ಟು ಎಲ್ಲೂ ತಡವಾಗುತ್ತಿರಲಿಲ್ಲ. ಅಂದರೆ ಅದು ಅವನದಲ್ಲ.

ನೆನಪಾಯಿತು. ಆ ಹಾಡಿನ ರೆಕಾರ್ಡಿಂಗ್ ಶುರುವಾದ ಕೂಡಲೇ ಡ್ರಮ್ಸಿನ ಪೆಡಲ್ ಕಳಚಿಕೊಂಡಿತ್ತು. ಅವನು ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಬೋರಲು ಬಿದ್ದಿದ್ದ. ಕಣ್ಣು ಮುಚ್ಚಿ ನುಡಿಸುವ ಮುಖ್ಯಸ್ಥ ಅದನ್ನು ನೋಡಿರಲಿಲ್ಲ. ನೆಲಕ್ಕಿಟ್ಟ ಮೈಕು ಮಾತ್ರ ಕೆಳಗಿನ ಊರುಗೋಲನ್ನು ಭಕ್ತಿಯಿಂದ ಕೇಳಿಸಿಕೊಂಡಿತ್ತು.

“ಹೋಗಿ ನಿಜ ಹೇಳ್ಬಿಡಿ,” ಎಂದಳು ಮನೆಯಲ್ಲಿ ಹೆಂಡತಿ.

“ಯಾಕೆ? ನಾನು ಬಾರಿಸಿದ್ರೆ ಟೀಚರ್‌ಗೆ ಸಿಟ್ಟು ಬರುತ್ತೆ. ಸಿಟ್ಟು ಬಂದ್ರೆ ತಾಳ ಬರುತ್ತೆ. ಆಮೇಲೆ ನಾನು ಸುಮ್ನೆ ಕೈ ಆಡಿಸಿದ್ರೆ ಸಾಕು.”

“ಬೆಳಿಗ್ಗೆ ಕೇಕ್ ಕೊಟ್ರಲ್ಲ?”

ಅವನ ಮುಖ ನಿಂತ ಗಡಿಯಾರವಾಯಿತು. ಅಷ್ಟರಲ್ಲಿ ಏಜೆಂಟ್ ಬಾಗಿಲಲ್ಲಿ ಹಲ್ಲು ಕಿರಿದ. “ಏನೂ ಚಿಂತೆ ಮಾಡ್ಬೇಡಿ ಸಾರ್. ನೇರ ಪ್ರಸಾರಕ್ಕೆ ತೊಂದ್ರೆ ಆಗ್ಬಾರ್ದು ಅಂತ ಟೀಚರ್ ಊರುಗೋಲನ್ನೂ ಇಸ್ಕೊಂಡು ಬಂದಿದೀನಿ!”

ನಾಲ್ಕಕ್ಕೆ ಮುಖ್ಯಸ್ಥ ಗಿಟಾರಿನೊಂದಿಗೆ ಬಂದು ಅವನನ್ನು ಅಪ್ಪಿಕೊಂಡ. “ಹತ್ತೊಂಬತ್ತು ವರ್ಷ ಬೈದಿದ್ದೀನಿ. ಮನಸ್ಸಲ್ಲಿ ಇಟ್ಕೋಬೇಡ. ಒಂದ್ಸಲ ಏಳನೇ ಹಾಡು ನೋಡಿಬಿಡೋಣ.”

“ನೀನು ಕಣ್ಣು ಮುಚ್ಕೊಂಡು ಶುರು ಮಾಡು. ನೀರು ಕುಡಿದು ಬಂದೆ,” ಎಂದವನೇ ಅವನು ಊರುಗೋಲು ಹಿಡಿದು ಕೆಳಗೆ ಹಾರಿದ.

“ಟೀಚರ್, ತಗೊಳ್ಳಿ. ದಯವಿಟ್ಟು ಕುಟ್ಟಿ.”

“ಕುಟ್ಟಲ್ಲ ಅಂದೆನಲ್ಲ.”

“ಮೇಲೆ ಎಷ್ಟು ಗಲಾಟೆ ಕೇಳಿ! ಸಿಟ್ಟು ಬರಲ್ವಾ?”

“ಬರ್ತಿದೆ. ನುಂಗ್ಕೊಂಡಿದೀನಿ. ಕೇಕ್ ಚೆನ್ನಾಗಿತ್ತು.”

ಮೇಲೆ ಗಿಟಾರ್ ತಾಳಕ್ಕಾಗಿ ಕಾಯುತ್ತಿತ್ತು. ಅವನು ಕಣ್ಣು ಮುಚ್ಚಿ ಕೊನೆಯ ಬಾಣ ಬಿಟ್ಟ. “ನಿಮ್ಮ ಹತ್ರ ಕಲಿತ ನನ್ನ ಭಾವ ಈಗ್ಲೂ ಒಂದೇ ಬೆರಳಲ್ಲಿ ಟೈಪ್ ಮಾಡ್ತಾನೆ, ಟೀಚರ್. ಅದೂ ಕೀ ಹುಡುಕಿ ಹುಡುಕಿ.”

ಟೀಚರ್ ಕೆಂಪಾದರು. ಕೋಲು ಕಿತ್ತುಕೊಂಡರು. “ಒಂದೇ ಬೆರಳಾ? ನನ್ನ ಸ್ಟೂಡೆಂಟಾ?” ಎನ್ನುತ್ತ ಚಾವಣಿಗೆ ಹಾಕಿದರು ನೋಡಿ ಪೆಟ್ಟು! ಟಕ್, ಟಕ್, ಟಕಟಕ ಟಕ್. ಸುಣ್ಣ ಉದುರಿತು. ಮೇಲೆ ಗಿಟಾರು ಖುಷಿಯಿಂದ ಕುಣಿಯಿತು. ಅವನು ಸುಣ್ಣದ ಮಳೆಯಲ್ಲಿ ನಿಂತು ನಿಟ್ಟುಸಿರು ಬಿಟ್ಟ. ‘ಬದುಕಿದೆ’ ಅಂದುಕೊಂಡ.

ಹಾಡು ಮುಗಿಯಿತು. ಆಗ ಹೊಳೆಯಿತು: ಹಾಡು ಮುಗಿದ ಮೇಲೆ ಮುಖ್ಯಸ್ಥ ಕಣ್ಣು ತೆರೆಯುತ್ತಾನೆ. ಎದುರಿಗೆ ಖಾಲಿ ಸ್ಟೂಲಿರುತ್ತದೆ.

ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಕೇಳಿಸಿತು. ಮುಖ್ಯಸ್ಥ ಬಂದು ಬಾಗಿಲಲ್ಲಿ ನಿಂತ. ಕೋಲನ್ನು ನೋಡಿದ, ಸುಣ್ಣ ನೋಡಿದ. ಗೆಳೆಯನನ್ನು ಮಾತ್ರ ನೋಡಲಿಲ್ಲ. “ಮೇಡಂ, ಐದು ಗಂಟೆಗೆ ಬಿಡುವಿದ್ಯಾ?”

ಡ್ರಮ್ಸನ್ನು ಕೆಳಗಿಳಿಸಲು ಏಜೆಂಟನೇ ಕೈಜೋಡಿಸಿದ. ಟೀಚರ್ ಡ್ರಮ್ಸಿನ ಕಡ್ಡಿಗಳನ್ನು ತೂಗಿ ನೋಡಿ, “ಇದೇ ಹಗುರ ಇದೆ. ಅದನ್ನ ನೀನೇ ಇಟ್ಕೊ,” ಎಂದು ಊರುಗೋಲನ್ನು ಅವನ ಕೈಗೆ ಕೊಟ್ಟರು.

ಐದಕ್ಕೆ ಅವನು ಮೇಲೆ, ಖಾಲಿ ಕೋಣೆಯ ಸ್ಟೂಲಿನ ಮೇಲೆ ರೇಡಿಯೋ ಹಚ್ಚಿ ಕೂತಿದ್ದ. ಕೆಳಗಿನಿಂದ ಏಳನೆಯ ಹಾಡು ಗೋಡೆ ನಡುಗಿಸುತ್ತ ಎದ್ದು ಬಂತು. ಸಹಿಸಿದ, ಸಹಿಸಿದ. ಕೊನೆಗೆ ಕೋಲೆತ್ತಿ ನೆಲಕ್ಕೆ ಕುಟ್ಟತೊಡಗಿದ.

ಹಾಡು ತಟ್ಟನೆ ನಿಂತಿತು. ರೇಡಿಯೋದಲ್ಲಿ, ಊರಿಗೆಲ್ಲ ಕೇಳಿಸುವಂತೆ, ಟೀಚರ್ ದನಿ ಬಂತು:

“ಮೇಲಿರೋರೇ, ಕುಟ್ಟೋದಾದ್ರೆ ಕುಟ್ಟಿ, ಬೇಡ ಅನ್ನಲ್ಲ. ಆದ್ರೆ ಅರ್ಧ ಹೆಜ್ಜೆ ತಡ ಆಗ್ತಿದೆ.”