ನಾನು ಎಡೆ ಇಟ್ಟ ಚಿಕ್ಕಮಾವ

ಹಿರಿಯರ ಹಬ್ಬದಲ್ಲಿ ನಮ್ಮ ಮನೆಯ ಯಾವ ಹಿರಿಯರೂ ಹಸಿದು ಹೋಗಬಾರದು ಎಂಬ ಸದುದ್ದೇಶದಿಂದ ನಾನು ವಂಶವೃಕ್ಷ ಬರೆಯಲು ಕುಳಿತೆ. ಕಳೆದುಹೋದ ಸೌಟು ಹುಡುಕಿದ್ದು ಬಿಟ್ಟರೆ ಬೇರೆ ಸಂಶೋಧನೆ ಮಾಡಿದವಳಲ್ಲ. ಆದರೂ ಶಿವ ಬುದ್ಧಿ ಕೊಟ್ಟಿದ್ದಾನೆ, ಬಳಸಿದರೆ ತಪ್ಪೇನು?

ಹಳೇ ಕಾಗದ ಹುಡುಕಲು ಅಟ್ಟ ಹತ್ತಿದೆ. ಕೊಬ್ಬರಿಯಾಗಲೆಂದು ಹರಡಿದ್ದ ಕಾಯಿಗಳ ಹಿಂದೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಕಾಯಿ ಒಣಗಿದೆಯೇ ಎಂದು ನೋಡುವ ಅಭ್ಯಾಸಬಲದಿಂದ ಅದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಸದ್ದು! ತೆಗೆದರೆ ಕಟ್ಟು ಹಾಕಿಸಿದ ಫೋಟೊ. ಕೋಟು, ಪೇಟ, ಹುರಿಮೀಸೆಯ ತರುಣ. ಮೂಗು ಥೇಟ್ ನಮ್ಮ ಯಜಮಾನರದೇ.

ಯಜಮಾನರಿಗೆ ತೋರಿಸಿದರೆ ಯಾರೋ ಗೊತ್ತಿಲ್ಲ, ಅಮ್ಮನನ್ನು ಕೇಳು ಎಂದು ತೋಟಕ್ಕೆ ಹೊರಟರು. ಕೇಳಬಹುದಿತ್ತು. ಆದರೆ ನಾನು ಆಳವಾಗಿ ಯೋಚಿಸಿದೆ, ಅಲ್ಲೇ ಕೆಟ್ಟಿದ್ದು. ಇವರು ತೀರಿಹೋದ ಮಾವನವರ ತಮ್ಮನೇ ಸರಿ. ಮುನಿಸಿಕೊಂಡು ಮನೆ ಬಿಟ್ಟು, ಎಲ್ಲೋ ಕಣ್ಣು ಮುಚ್ಚಿದ್ದಾರೆ. ಅದಕ್ಕೇ ಯಾರೂ ಹೆಸರೆತ್ತುವುದಿಲ್ಲ. ಎಂಬತ್ತು ದಾಟಿದ ಅತ್ತೆಯನ್ನು ಕೇಳಿ ಯಾಕೆ ನೋಯಿಸಲಿ?

ಅಮಾವಾಸ್ಯೆಯ ದಿನ ಮಾಮೂಲಿ ನಾಲ್ಕು ಎಡೆಗಳ ಪಕ್ಕ ಐದನೆಯದನ್ನೂ ಇಟ್ಟೆ. ಕಜ್ಜಾಯ, ವಡೆ, ಕಿಬ್ಬನಹಳ್ಳಿಯಿಂದ ತಂದ ಹೊಸ ಪಂಚೆ. ಫೋಟೊಗೆ ಸೇವಂತಿಗೆ ಹಾರ. ನನ್ನ ಭಕ್ತಿಗೆ ನನಗೇ ಕಣ್ಣು ತುಂಬಿತು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು.

ಬಾಗಿಲು ತೆಗೆದಾಗ ಅತ್ತೆ ಕೋಲೂರಿಕೊಂಡು ಮೊದಲು ಒಳಗೆ ಹೋದರು. ಬಗ್ಗಿ ಎಡೆಗಳನ್ನೂ ಫೋಟೊವನ್ನೂ ನೋಡಿದರು.

"ಐದನೇದು ಯಾರಿಗೇ?"

"ಚಿಕ್ಕಮಾವನೋರಿಗೆ ಅತ್ತೆ. ಪಾಪ, ಇಷ್ಟು ವರ್ಸ ಹಸ್ಕೊಂಡಿದ್ರು."

"ಅದು ನಾನು ಕಣೇ."

ಬದುಕಿರುವ ಅತ್ತೆಗೆ, ಅವರ ಕಣ್ಣೆದುರೇ ಎಡೆ ಇಟ್ಟ ಸೊಸೆ ನಾನು! ದೊಪ್ಪನೆ ಕಾಲಿಗೆ ಬಿದ್ದೆ. ಶಿವನೇ, ಈ ಅಪಶಕುನ ಏನಿದ್ದರೂ ನನ್ನ ತಲೆಗೇ ಬರಲಿ, ಇವರಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡೆ.

ತವರೂರು ಕೆಂಕೆರೆಯಲ್ಲಿ ಹುಡುಗಿಯಾಗಿದ್ದಾಗ ಅತ್ತೆ ಶಾಲೆಯ ನಾಟಕದಲ್ಲಿ ಸಾಹುಕಾರನ ಪಾರ್ಟು ಮಾಡಿದ್ದರಂತೆ. ಮೀಸೆ ಕಾಡಿಗೆಯದಂತೆ. ನಾಟಕ ಆಡಿದವಳೆಂದು ತಿಳಿದರೆ ಮದುವೆ ಮುರಿದೀತೆಂದು ಅವರಪ್ಪ ಬಾಯಿ ಮುಚ್ಚಿಸಿದ್ದರು. ಅತ್ತೆ ಫೋಟೊವನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟು ತಂದದ್ದು ಮಾವನವರಿಗೂ ಗೊತ್ತಿರಲಿಲ್ಲ!

ಅಷ್ಟು ಹೇಳಿ ಅತ್ತೆ ಐದನೇ ಎಡೆಯ ಮುಂದೆ ಕುಳಿತೇಬಿಟ್ಟರು. "ಸತ್ತ್ಮೇಲೆ ಇಟ್ರೆ ರುಚಿ ಗೊತ್ತಾಯ್ತದಾ? ಈಗ್ಲೇ ತಿಂತೀನಿ ಬುಡು" ಎಂದು ಕಜ್ಜಾಯ ಮುರಿದರು. ಆಮೇಲೆ ಇಲ್ಲದ ಮೀಸೆ ತಿರುವಿ, ಸಾಹುಕಾರನ ದನಿಯಲ್ಲಿ ನೀರು ಕೇಳಿ ಗಹಗಹಿಸಿ ನಕ್ಕರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅಂದೇ.

ಶಿವನ ದಯೆ, ಅತ್ತೆ ಇಂದಿಗೂ ಗಟ್ಟಿಯಾಗಿದ್ದಾರೆ. ಫೋಟೊ ಈಗ ನಡುಮನೆಯ ಗೋಡೆಯ ಮೇಲಿದೆ, ಹಾರವಿಲ್ಲದೆ. ವಂಶವೃಕ್ಷ ಅಲ್ಲಿಗೇ ನಿಂತಿತು. ಸಾರಿಗೆ ಉಪ್ಪು ಕಮ್ಮಿಯಾದ ದಿನ ಮಾತ್ರ ಅತ್ತೆ ತಟ್ಟೆ ಸರಿಸಿ ನನ್ನತ್ತ ನೋಡುತ್ತಾರೆ.

"ಸತ್ತೋರಿಗಾದ್ರೆ ಚೆನ್ನಾಗಿ ಮಾಡ್ತೀಯ ಕಣೇ."