ದುಂಬಿಯಲ್ಲ, ನೊಣ!

ನೊಣದ ಹಿಂದೆ ಬಿದ್ದವನು ವಾರಕ್ಕೊಮ್ಮೆಯಾದರೂ ನಗೆಪಾಟಲಾಗುತ್ತಾನೆ. ಇದನ್ನು ನಾನು ಕಲಿತದ್ದು ಮಸ್ಕತ್ತಿನಲ್ಲಿ, ಎಣ್ಣೆ ಬೆಲೆ ಪಾತಾಳಕ್ಕಿಳಿದ ವರ್ಷಗಳಲ್ಲಿ. ರೂವಿ ಬಡಾವಣೆಯ ನಮ್ಮ ಆಫೀಸಿಗೆ ಹೊಸ ಪ್ರಾಜೆಕ್ಟ್ ಬರುತ್ತಿರಲಿಲ್ಲ. ಕೆಲಸ ಕಳೆದುಕೊಳ್ಳುವವರ ಪಟ್ಟಿ ಮಾತ್ರ ತಪ್ಪದೆ ಬರುತ್ತಿತ್ತು.

ಆಗಲೇ ಒಂದು ದಿನ ಆರನೇ ಕ್ಲಾಸಿನ ಮಗಳು ಅಳುತ್ತಾ ಮನೆಗೆ ಬಂದಳು. ಶಾಲೆಗೆಂದು ಫೋಟೋ ಅಂಟಿಸಿ ಮಾಡಿದ ಕೀಟಗಳ ಪುಸ್ತಕದಲ್ಲಿ ಒಂದು ಫೋಟೋದ ಕೆಳಗೆ, ನಾನು ಹೇಳಿಕೊಟ್ಟಂತೆ, ‘ದುಂಬಿಯ ಹಾಗೆ ಕಾಣುವ ನೊಣ’ ಎಂದು ಬರೆದಿದ್ದಳು. ಟೀಚರ್ ಅದನ್ನು ಹೊಡೆದುಹಾಕಿ ‘ದುಂಬಿ’ ಎಂದು ತಿದ್ದಿದ್ದರು.

“ಅಪ್ಪಾ, ಯು ಸೆಡ್ ಇಟ್ಸ್ ಎ ಫ್ಲೈ!”

ಮೈತುಂಬ ರೋಮ, ದುಂಬಿಯದೇ ಸದ್ದು, ನಿಜ. ಆದರೆ ದುಂಬಿಗೆ ರೆಕ್ಕೆ ನಾಲ್ಕು, ನೊಣಕ್ಕೆ ಎರಡೇ. ಸಾಬೀತು ಮಾಡಿಯೇ ಬಿಡುವುದೆಂದು ಹಟ ತೊಟ್ಟೆ.

೧. ಆಫೀಸಿನಲ್ಲಿ

ಮರುದಿನ ಕಂಪ್ಯೂಟರಿನಲ್ಲಿ ಅದೇ ಫೋಟೋ ದೊಡ್ಡದು ಮಾಡಿ ರೆಕ್ಕೆ ಎಣಿಸುತ್ತಿದ್ದೆ. ಇಡೀ ಮಹಡಿಗೆ ಕೇಳುವಂತೆ ಗದರುವ ನಮ್ಮ ಮ್ಯಾನೇಜರ್ ಬೆನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಪಕ್ಕದ ಮೇಜಿನವನಿಗೆ ವಿವರಿಸುತ್ತಲೇ ಇದ್ದೆ:

“ಎಲ್ಲರೂ ಹೆದರ್ತಾರೆ. ಆದ್ರೆ ಇದು ಬರೀ ಸದ್ದು ಮಾಡೋದು ಮಾರಾಯ, ಕೊಂಡಿಯೇ ಇಲ್ಲ!”

ಹಿಂದಿನಿಂದ ದನಿ ಬಂತು: “ಯಾರ ವಿಷಯ ಮಾತಾಡ್ತಾ ಇದ್ದೀರಿ?”

೨. ತೋಟದಲ್ಲಿ

ಶುಕ್ರವಾರ ಬೆಳಿಗ್ಗೆ ಇನ್ನೂರು ಕಿಲೋಮೀಟರ್ ದೂರದ ಸೂರ್ ಪಟ್ಟಣದ ಕಡೆಯ ಒಂದು ಖರ್ಜೂರದ ತೋಟಕ್ಕೆ ಹೋದೆ. ಹೂವಿನ ಮೇಲೆ ನಮ್ಮ ನೊಣ! ಉಸಿರು ಬಿಗಿಹಿಡಿದು, ಕ್ಯಾಮೆರಾ ಹಿಡಿದು, ನೆಲಕ್ಕೆ ಬೋರಲಾಗಿ ಮಲಗಿದೆ. ಒಂದು ಬಕೆಟ್ ನೀರು ಧೊಪ್ಪೆಂದು ತಲೆಯ ಮೇಲೆ ಬಿತ್ತು. ನನಗೆ ಮೂರ್ಛೆ ಬಂದಿದೆ ಎಂದುಕೊಂಡಿದ್ದರು ತೋಟದ ಯಜಮಾನರಾದ ಒಮಾನಿ ಅಜ್ಜ. ನೊಣ ಹಾರಿಹೋಯಿತು. ನೊಣ ನೋಡಲೆಂದೇ ಬಂದವನು ಎಂದು ನನ್ನ ಅರೆಬರೆ ಅರಬ್ಬಿಯಲ್ಲಿ ಹೇಳಿದೆ.

ಅಜ್ಜ ಮರುಕದಿಂದ ನನ್ನ ಕೈಹಿಡಿದು ಎಬ್ಬಿಸಿದರು. “ಅಷ್ಟು ದೂರದಿಂದ ನೊಣಕ್ಕಾಗಿ ಬಂದೆಯಾ? ಯಲ್ಲಾ, ನಡಿ, ಆಡಿನ ದೊಡ್ಡಿಗೆ ಬಾ. ಎಷ್ಟು ಬೇಕಾದರೂ ಹಿಡಿದುಕೊಂಡು ಹೋಗು!”

೩. ಶಾಲೆಯಲ್ಲಿ

ಮುಂದಿನ ವಾರ ಅದೇ ತೋಟದಲ್ಲಿ ಒಂದು ಬಾಟಲಿಗೆ ನೊಣ, ಇನ್ನೊಂದಕ್ಕೆ ಅಷ್ಟೇ ಗಾತ್ರದ ದುಂಬಿ ಹಿಡಿದೆ. ಎರಡಕ್ಕೂ ಹೆಸರಿನ ಚೀಟಿ ಅಂಟಿಸಿ, ಹಾರಾಟ ತಗ್ಗಲೆಂದು ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಥಂಡಿಗೆ ಚೀಟಿಗಳು ಕಳಚಿ ಬಿದ್ದಿದ್ದವು.

“ಯಾವುದು ಯಾವುದು ಅಂತ ಗೊತ್ತುಂಟಲ್ಲ?” ಎಂದಳು ಹೆಂಡತಿ.

“ನನ್ನನ್ನೇ ಕೇಳ್ತೀಯಾ?” ಎಂದು ಮತ್ತೆ ಅಂಟಿಸಿದೆ.

ಎರಡೂ ಬಾಟಲಿ ಹಿಡಿದು ಮಗಳ ಜೊತೆ ಶಾಲೆಗೆ ಹೋದೆ. ಟೀಚರ್ ಮೈಸೂರಿನವರು, ಸೌಮ್ಯ ಹೆಂಗಸು. “ಕಚ್ಚಲ್ಲ ತಾನೇ ಸರ್?” ಎಂದು ಎರಡು ಹೆಜ್ಜೆ ಹಿಂದೆ ಸರಿದರು.

“ನೊಣಕ್ಕೆ ಕೊಂಡಿ ಎಲ್ಲಿಂದ ಬರಬೇಕು ಮೇಡಂ? ನೋಡಿ!” ಎಂದು ‘ನೊಣ’ ಎಂದಿದ್ದ ಬಾಟಲಿಗೆ ಬೆರಳು ಹಾಕಿದೆ.

ನನ್ನ ಕಿರುಚಾಟಕ್ಕೆ ಪಕ್ಕದ ತರಗತಿಯ ಪಾಠವೂ ನಿಂತಿತು. ಟೀಚರ್ ಬೇಗನೆ ಮುಚ್ಚಳ ಹಾಕಿ, ಎರಡೂ ಬಾಟಲಿ ಎತ್ತಿ ನಿಧಾನವಾಗಿ ರೆಕ್ಕೆ ಎಣಿಸಿದರು, ಪುಸ್ತಕದ ಫೋಟೋದ ಜೊತೆ ಹೋಲಿಸಿದರು. ಆಮೇಲೆ ತಮ್ಮ ತಿದ್ದುಪಡಿಯನ್ನು ತಾವೇ ಹೊಡೆದುಹಾಕಿ ಮಗಳಿಗೆ ಪೂರ್ತಿ ಅಂಕ ಕೊಟ್ಟರು.

“ಪುಟ್ಟಾ, ನೀನು ಬರೆದದ್ದೇ ಸರಿ,” ಎಂದು, ಊದುತ್ತಿದ್ದ ನನ್ನ ಬೆರಳಿನ ಕಡೆ ನೋಡಿ ಕೇಳಿದರು: “ಅಪ್ಪನಿಗೂ ನೀನೇ ಹೇಳಿಕೊಡ್ತೀಯಾ?”