ಬಳಸಿದ ಗಿಟಾರು ಮಾರಾಟಕ್ಕಿದೆ

ಬಳಸಿದ ವಸ್ತುವನ್ನು ಮಾರಲು ಹೊರಟವನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಭಂಡತನ. ನನಗೆ ಅದಿಲ್ಲ. ಹಳೇ ಪೇಪರು ತೂಕಕ್ಕೆ ಹಾಕುವಾಗ ತಕ್ಕಡಿಯವನು "ಇದಕ್ಕೆ ನೀರು ಬಿದ್ದಿದೆ ಸಾರ್" ಅಂದರೆ ಸಾಕು, ನನ್ನ ವಂಶಕ್ಕೇ ಏನೋ ಅಂದಂತಾಗಿ, ಕೊಟ್ಟಷ್ಟು ಇಸಿದುಕೊಂಡು ಒಳಗೆ ಬಂದುಬಿಡುತ್ತೇನೆ. ಅಂಥ ನಾನು ಒಂದೂವರೆ ವರ್ಷ ಒಂದು ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ನಾಲ್ಕು ತಾಲ್ಲೂಕು ಸುತ್ತಿದ್ದೇನೆ. ಗಿಟಾರು ಇನ್ನೂ ಮನೆಯಲ್ಲೇ ಇದೆ. ಹೋದದ್ದು ನನ್ನ ಮಾನ ಮಾತ್ರ. ಅದಕ್ಕೂ ಯಾರೂ ಒಂದು ರೂಪಾಯಿ ಕೊಡಲಿಲ್ಲ.

ನಾನು ಕೋಲಾರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಹುಟ್ಟಿದ್ದು ಹುತ್ತೂರಿನ ಕಡೆ. ಅಲ್ಲಿ ಅಣ್ಣ ಈಗಲೂ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾನೆ. ನಮ್ಮ ವಂಶದಲ್ಲಿ ಸಂಗೀತ ಅಂತ ಏನಾದರೂ ಇದ್ದರೆ ಅದು ನಾಲ್ಕನೇ ಜ್ವರ, ಅಂದರೆ ಕೊನೇ ಪೊರೆ, ಕಳಚಿ ಎದ್ದ ಹುಳುಗಳು ಸೊಪ್ಪು ಮೇಯುವಾಗ ಕೇಳುವ ಸರಸರ ಸದ್ದು ಒಂದೇ. ಹಾಗಿದ್ದರೂ ನನಗೆ ಗಿಟಾರಿನ ಹುಚ್ಚು ಹಿಡಿದದ್ದು ಕಾಲೇಜಿನ ವಾರ್ಷಿಕೋತ್ಸವದಲ್ಲಿ. ಒಬ್ಬ ಹುಡುಗ ಕೊರಳಿಗೆ ಗಿಟಾರು ನೇತುಹಾಕಿಕೊಂಡು ವೇದಿಕೆಗೆ ಬಂದ. ಮೈಕು ಕೆಟ್ಟಿದ್ದರಿಂದ ಅವನು ಏನು ಬಾರಿಸಿದನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೂ ಹುಡುಗಿಯರು ಕೂತಿದ್ದ ಮೂರು ಸಾಲೂ ಎದ್ದು ನಿಂತು ಚಪ್ಪಾಳೆ ತಟ್ಟಿದವು. ಆ ಚಪ್ಪಾಳೆ ನನ್ನ ತಲೆಯೊಳಗೆ ಸುಮಾರು ಮೂವತ್ತು ವರ್ಷ ಮಲಗಿತ್ತು. ಲಾಕ್‌ಡೌನಿನಲ್ಲಿ ಕಚೇರಿ ಅರ್ಧ ಮುಚ್ಚಿ ಫೋನು ಪೂರ್ತಿ ತೆರೆದುಕೊಂಡಾಗ ಅದು ಎದ್ದು ಕೂತಿತು. ಫೋನಿನಲ್ಲಿ ಒಬ್ಬ ಗಡ್ಡದವನು "ಹತ್ತೇ ದಿನದಲ್ಲಿ ಗಿಟಾರು ಕಲಿಯಿರಿ" ಎಂದು ದಿನಕ್ಕೆ ಹತ್ತು ಸಲ ಹೇಳತೊಡಗಿದ.

ನನ್ನ ಹೆಂಡತಿ ಸರೋಜ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಆಗ ಅವಳು ಸೀರೆ ಅಂಚಿಗೆ ಜಿಗ್‌ಜಾಗ್ ಹಾಕುವ ಮೋಟರ್ ಮೆಷಿನ್ನಿಗೆಂದು ದುಡ್ಡು ಕೂಡಿಟ್ಟಿದ್ದಳು. ನಾನು ಹೋಗಿ ಅವಳ ಪಕ್ಕ ಕೂತೆ.

"ಗಿಟಾರು ಮರದ್ದು ಕಣೇ. ಹಳೇದಾದಷ್ಟೂ ನಾದ ಜಾಸ್ತಿ ಅಂತಾರೆ. ಆರು ತಿಂಗಳು ಕಲೀತೀನಿ. ಬರಲಿಲ್ಲ ಅಂದ್ರೆ ಅದೇ ರೇಟಿಗೆ ಮಾರಿ ನಿನ್ನ ಮೆಷಿನ್ ತಂದುಕೊಡ್ತೀನಿ."

"ಬ್ಲೌಸ್ ಬಟ್ಟೆ ಒಂದ್ಸಲ ಕತ್ತರಿಸಿದ್ಮೇಲೆ ಅಂಗಡಿಯೋನು ವಾಪಸ್ ತಗೊಳ್ಳಲ್ಲ ಕಣ್ರೀ" ಅಂದಳು ಸರೋಜ. ಅಷ್ಟು ಹೇಳಿ ದುಡ್ಡು ಕೊಟ್ಟಳು. ಅವಳು ಜಗಳವಾಡಿದ್ದರೆ ನಾನು ಇವತ್ತು ಸುಖವಾಗಿರುತ್ತಿದ್ದೆ.

ಹನ್ನೆರಡು ಸಾವಿರದ ಗಿಟಾರು ಬಂತು. ಆಮೇಲೆ ನನ್ನ ಮತ್ತು ಅದರ ನಡುವೆ ಹೊಟ್ಟೆ ಬಂತು. ಫೋನಿನ ಗಡ್ಡದವನಿಗೆ ಹೊಟ್ಟೆ ಇರಲಿಲ್ಲ, ಆದ್ದರಿಂದ ಆ ವಿಷಯವಾಗಿ ಅವನು ಏನೂ ಹೇಳಿರಲಿಲ್ಲ. ನಾನು ಗಿಟಾರನ್ನು ಮಡಿಲಲ್ಲಿ ಇಟ್ಟರೆ ಅದು ಮಗುಚಿ ಆಕಾಶ ನೋಡುತ್ತಿತ್ತು. ಇಪ್ಪತ್ತೈದು ವರ್ಷ ಕಡತ ಮಗುಚಿ ನಯವಾದ ಬೆರಳುಗಳು ತಂತಿ ಒತ್ತಿ ಒತ್ತಿ ಊದಿಕೊಂಡವು. ಕಾರ್ಡ್ ಅಂದರೆ ನಾಲ್ಕೈದು ಸ್ವರಗಳನ್ನು ಒಟ್ಟಿಗೆ ಹಿಡಿಯುವ ವರಸೆ. ನಾನು ಮೂರು ಕಾರ್ಡ್ ಕಲಿತೆ. ನಾಲ್ಕನೆಯದು ಎಫ್. ಅದಕ್ಕೆ ತೋರುಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಮಲಗಿಸಬೇಕು. ನನ್ನ ಬೆರಳು ಮಲಗಿತು, ಸ್ವರ ಏಳಲಿಲ್ಲ. ಹನ್ನೊಂದು ತಿಂಗಳು ಆ ಎಫ್ ಬಾಗಿಲಲ್ಲಿ ಕಾದು ಕೂತೆ. ಪಕ್ಕದ ಮನೆಯ ಮುನಿಯಮ್ಮನವರು ಕಾಂಪೌಂಡಿನ ಮೇಲಿಂದ, "ಏನ್ ಸರೋಜಮ್ಮ, ತಗಡಿನ ಕೆಲ್ಸ ಇನ್ನೂ ಮುಗೀಲಿಲ್ವಾ?" ಎಂದು ಕೇಳಿದ ದಿನ ಗಿಟಾರನ್ನು ಗೋಡೆಗೆ ಒರಗಿಸಿದೆ. ಧೂಳು ಗುಡಿಸಿ ಸಾಕಾದ ಸರೋಜ ಹಳೇ ಹಾಸಿಗೆಯ ಸ್ಪಂಜು ಒಳಗಿಟ್ಟು, ಮಿಕ್ಕಿದ್ದ ನೀಲಿ ಪರದೆ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದಳು. ಜಿಪ್ಪು, ಭುಜಕ್ಕೆ ಪಟ್ಟಿ, ಸೊಂಟದ ತಿರುವಿಗೆ ಸರಿಯಾಗಿ ಪೈಪಿಂಗು. ಒಟ್ಟಿನಲ್ಲಿ ಗಿಟಾರಿಗೆ ಬ್ಲೌಸು.

ಆಗಲೇ ಮಾರಿಬಿಡಬೇಕಿತ್ತು. ನನ್ನ ಸಹೋದ್ಯೋಗಿ ನಾಗರಾಜನೂ ಗಿಟಾರು ಕೊಂಡವನೇ. ಅವನು ಎರಡನೇ ತಿಂಗಳಿಗೇ ಎಂಟು ಸಾವಿರಕ್ಕೆ ಬಿಟ್ಟು ಕೈತೊಳೆದುಕೊಂಡ. "ಬಿಟ್ಬಿಡಿ ಸಾರ್, ರೇಟ್ ಇಳೀತಿದೆ" ಅಂದ. ನಾನು ಕೋಲಾರದವನು, ರೇಟು ಇಳಿಯುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮಾರ್ಕೆಟ್ಟಿನಲ್ಲಿ ಟೊಮೇಟೊ ಒಂದು ತಿಂಗಳು ರಸ್ತೆಗೆ ಸುರಿಯುವ ಹಾಗಾಗುತ್ತದೆ, ಮುಂದಿನ ತಿಂಗಳು ಅದನ್ನೇ ಬೀಗ ಹಾಕಿ ಕಾಯಬೇಕಾಗುತ್ತದೆ. ಗಿಟಾರೂ ಹಾಗೇ ಏರುತ್ತದೆ ಎಂದು ಕಾದೆ. ಟೊಮೇಟೊ ಏರುವುದಕ್ಕೆ ಕಾರಣ ಜನ ಅದನ್ನು ತಿಂದು ಮುಗಿಸುತ್ತಾರೆ ಎನ್ನುವುದು ನನಗೆ ಹೊಳೆಯಲಿಲ್ಲ. ಗಿಟಾರನ್ನು ಯಾರೂ ತಿನ್ನುವುದಿಲ್ಲ. ಲಾಕ್‌ಡೌನಿನಲ್ಲಿ ಕೊಂಡ ಅಷ್ಟೂ ಗಿಟಾರುಗಳು ಅಷ್ಟೂ ಮನೆಗಳಲ್ಲಿ ಕೆಡದೆ, ಕೊಳೆಯದೆ, ಗೋಡೆಗೊರಗಿ ನಿಂತಿದ್ದವು.

ಫೋನಿನಲ್ಲಿ ಜಾಹೀರಾತು ಹಾಕಿದಾಗ ಇದು ಗೊತ್ತಾಯಿತು. "ಬಳಸಿದ ಗಿಟಾರು, ಹೊಸದರಂತಿದೆ, ಹತ್ತು ಸಾವಿರ" ಎಂದು ಬರೆದೆ. ನನ್ನದರ ಕೆಳಗೇ ಇನ್ನೊಂದು ಗಿಟಾರು, "ಮುಟ್ಟೇ ಇಲ್ಲ, ಏಳು ಸಾವಿರ." ನಾನು ಆರೂವರೆ ಮಾಡಿದೆ. ಸಂಜೆಗೆ ಇನ್ನೊಬ್ಬ ಐದು ಮಾಡಿದ. ಕೇಳುವವರು ಕೇಳುತ್ತಿದ್ದದ್ದು ಒಂದೇ, "ಲಾಸ್ಟ್ ಪ್ರೈಸ್?" ನಾನು ಹೇಳಿದ್ದೆಲ್ಲ ಲಾಸ್ಟೇ. ಆದರೆ ಪ್ರತಿಯೊಂದಕ್ಕೂ ಮಾರನೇ ದಿನ ಒಬ್ಬ ತಮ್ಮ ಹುಟ್ಟುತ್ತಿದ್ದ. ಇತ್ತ ಸರೋಜ ಸೀರೆಗಳನ್ನು ಜಿಗ್‌ಜಾಗ್ ಹಾಕಿಸಲು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೊತ್ತುಕೊಂಡು ಹೋಗಿ ಬರುತ್ತಿದ್ದಳು. ಬಿಸಿಲಲ್ಲಿ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುವಳು. ಒಂದು ದಿನವೂ ಗಿಟಾರಿನ ಮಾತೆತ್ತಲಿಲ್ಲ. ನಾನು ಆ ಹೊತ್ತಿಗೆ ಸರಿಯಾಗಿ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡೆ. ಗಿಟಾರಿಗಿಂತ ಬೇಗ ಕಲಿತ ವಿದ್ಯೆ ಅದು.

ಕೊನೆಗೆ ಯಾರೋ ಹೇಳಿದರೆಂದು ಮಾಲೂರಿಗೆ ಹೋದೆ. ಅಲ್ಲಿ ಬಾಷಾ ಸಾಬರು ಅಂತ ಹಿರಿಯರೊಬ್ಬರದು ತಬಲ, ಹಾರ್ಮೋನಿಯಂ, ಬ್ಯಾಂಡ್ ಸೆಟ್ ರಿಪೇರಿ ಮಾಡುವ ಅಂಗಡಿ. ನನ್ನ ಬೆನ್ನಿನ ಚೀಲ ನೋಡಿದ್ದೇ ಅವರ ಮುಖದಲ್ಲಿ ನಿಜವಾದ ಮರುಕ ಮೂಡಿತು.

"ಆವೋ ಸಾರ್, ಕೂತ್ಕೊಳ್ಳಿ. ಮೊದ್ಲು ಮೇಲೆ ನೋಡಿ" ಅಂದರು.

ಮೇಲೆ ನೋಡಿದೆ. ಸೂರಿನ ಕೆಳಗೆ ಹನ್ನೊಂದು ಗಿಟಾರುಗಳು ಕತ್ತು ಕೊಟ್ಟು ನೇತಾಡುತ್ತಿದ್ದವು.

"ಎಲ್ಲಾ ನಿಮ್ಮಂಗೇ ಬಂದಿರೋವು ಸಾರ್. ಒಬ್ಬರು ಲೆಕ್ಚರರು, ಇಬ್ಬರು ಪೊಲೀಸ್ನೋರು, ಒಬ್ಬರು ಹಲ್ಲಿನ ಡಾಕ್ಟ್ರು. ಒಂದು ತಗೊಂಡ್ರೆ ಇನ್ನೊಂದು ಫ್ರೀ ಅಂದ್ರೂ ಜನ ಒಂದೂ ಬೇಡ ಅಂತಾರೆ. ದೂರದಿಂದ ಬಂದಿದ್ದೀರ, ಎರಡೂವರೆ ಕೊಡ್ತೀನಿ."

ನನಗೆ ರೋಷ ಬಂತು. ಎದ್ದು ಬಂದೆ. ಹದಿನೈದು ದಿನ ರೋಷ ತಣಿಸಿಕೊಂಡು ಮತ್ತೆ ಹೋಗಿ, "ಆಯ್ತು ಸಾಬ್ರೇ, ಎರಡೂವರೇನೇ ಕೊಡಿ" ಅಂದೆ. ಅವರು ಮೇಲೆ ಬೆರಳು ತೋರಿಸಿದರು. ಹದಿನಾಲ್ಕಾಗಿದ್ದವು. "ಈಗ ಸಾವಿರದ ಮೇಲೆ ಆಗಲ್ಲ ಸಾರ್. ಅದಿರಲಿ, ಈ ಚೀಲ ಎಲ್ಲಿ ತಗೊಂಡ್ರಿ?" ಎಂದು ಪೈಪಿಂಗಿನ ಮೇಲೆ ಬೆರಳಾಡಿಸಿದರು. ಮನೆಯಲ್ಲಿ ಹೊಲಿದದ್ದು ಅಂದೆ. "ಕ್ಯಾ ಕಾಮ್ ಹೈ! ಏನ್ ಕೆಲ್ಸ ಸಾರ್!" ಅಂದರು. ನನ್ನ ಗಿಟಾರನ್ನು ಹೊರಗೆ ತೆಗೆಯಲೂ ಹೇಳಲಿಲ್ಲ.

ಮುಳಬಾಗಿಲಿನಿಂದ ಫೋನು ಮಾಡಿದವರು ಕಮಲಮ್ಮ ಎಂಬ ನಿವೃತ್ತ ಹೆಡ್‌ಮಿಸ್ಟ್ರೆಸ್. ವಯಸ್ಸು ಅರವತ್ತೈದರ ಮೇಲೆ. ಮೊಮ್ಮಕ್ಕಳಿಗೆ ಬೇಕೇನೋ ಎಂದುಕೊಂಡು ಉತ್ಸಾಹದಿಂದ ಹೋದೆ. ಆಕೆ ಕಾಫಿ ಕೊಟ್ಟು, "ಎಲ್ಲಿ, ನೀವೇ ಸ್ವಲ್ಪ ಬಾರಿಸಿ, ನಾದ ಕೇಳೋಣ" ಅಂದರು. ನನ್ನ ಮೂರೂ ಕಾರ್ಡನ್ನು ಒಂದಾದ ಮೇಲೊಂದು ಬಾರಿಸಿದೆ. ಮುಗಿದುಹೋಯಿತು. ಅವರು ಇನ್ನೂ ಇದೆ ಅಂತ ಕಾಯುತ್ತಿದ್ದರು. ನಾನು ಇಲ್ಲ ಅಂತ ತಲೆಯಾಡಿಸಿದೆ. ಆಕೆ ಗಿಟಾರು ಇಸಿದುಕೊಂಡು, ಕಿವಿಗಳನ್ನು ಹಿಂಡಿ ಶ್ರುತಿ ಮಾಡಿ, ಕನ್ನಡಕ ಮೇಲೇರಿಸಿ ಬಾರಿಸತೊಡಗಿದರು. ನಾನು ಕಾಫಿ ಲೋಟ ಕೆಳಗಿಡುವುದನ್ನೂ ಮರೆತೆ. ನನ್ನ ಗಿಟಾರಿನೊಳಗೆ ಇಷ್ಟು ವರ್ಷ ಅಷ್ಟೆಲ್ಲ ಇತ್ತೇ? ನಡುವೆ ಎಫ್ ಬಂತು. ಗೊತ್ತೇ ಆಗದ ಹಾಗೆ ಬಂದು ಹೋಯಿತು.

"ಎಷ್ಟು ವರ್ಷ ಕಲಿತ್ರಿ ಮೇಡಂ?"

"ಎಲ್ಲಿ ವರ್ಷ ಸಾರ್! ಲಾಕ್‌ಡೌನಲ್ಲಿ ಫೋನ್ ನೋಡ್ಕೊಂಡು ಕಲಿತಿದ್ದು. ಗಡ್ಡದ ಹುಡುಗ ಒಬ್ಬ ಹತ್ತು ದಿನ ಅಂತಾನೆ. ಸುಳ್ಳು. ನಂಗೆ ಹದಿನೈದು ಆಯ್ತು." ಗಿಟಾರನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿ, ಕಾಪಿ ತಿದ್ದುವವರ ದನಿಯಲ್ಲಿ ಅಂದರು, "ಕತ್ತು ಬಗ್ಗಿದೆ. ಗೋಡೆಗೆ ಒರಗಿಸಿ ಇಟ್ಟಿದ್ರಾ? ಇದು ನನಗೆ ಬೇಡ. ಆದ್ರೆ ನನ್ನ ಹಳೇ ಗಿಟಾರಿಗೆ ಇಂಥ ಚೀಲ ಒಂದು ಮಾಡಿಸಿ ಕೊಡ್ತೀರಾ?"

ಇಷ್ಟಾದ ಮೇಲೂ ರಾಯಲ್ಪಾಡಿಗೆ ಹೋದೆನೆಂದರೆ ನನ್ನ ಪಾಡು ನೀವೇ ಊಹಿಸಿಕೊಳ್ಳಿ. ಅಲ್ಲಿನ ಮಾವಿನ ತೋಟದ ವೆಂಕಟರೆಡ್ಡಿಯವರು ಜಾಹೀರಾತು ನೋಡಿ, "ರಾಂಡಿ ಸಾರ್, ಗಿಟಾರ್ ವಿಷಯ ಮಾತಾಡೋಣ" ಎಂದು ಕರೆದಿದ್ದರು. ಕೋಲಾರದಿಂದ ಶ್ರೀನಿವಾಸಪುರ, ಅಲ್ಲಿಂದ ಇನ್ನೊಂದು ಬಸ್ಸು. ಪಕ್ಕದಲ್ಲಿ ಕೂತ ಅಜ್ಜಿ ನನ್ನ ಮಡಿಲಿನ ಚೀಲ ಸವರಿ, "ಮಗೂಗೆ ಜ್ವರಾನೇನಪ್ಪಾ?" ಎಂದು ಕೇಳಿದಳು. ಹೌದು ಅಂದುಬಿಟ್ಟೆ. ರೆಡ್ಡಿಯವರ ನಡುಮನೆಯಲ್ಲಿ ಕೂತು ಜಿಪ್ಪು ಎಳೆದು ಗಿಟಾರು ತೆಗೆಯುವಷ್ಟರಲ್ಲಿ ಅವರೂ ಒಳಗಿನಿಂದ ಒಂದು ಗಿಟಾರು ತಂದು ನನ್ನೆದುರು ಇಟ್ಟರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಬಳಸಿದ ಗಿಟಾರು ಅಂತ ಹಾಕಿದ್ರಿ, ಬಳಸಿದ್ದನ್ನ ಕೊಳ್ಳೋರಲ್ವಾ ಸಾರ್?" ಅಂದರು ರೆಡ್ಡಿ.

"ನಾನು ಮಾರೋನು. ನೀವು?"

"ಅಯ್ಯೋ ದೇವುಡಾ, ನಾನೂ ಅದೇ!" ಎಂದು ಸೋಫಾದಲ್ಲಿ ಕುಸಿದರು. ಅರೆಕ್ಷಣದಲ್ಲಿ ಚೇತರಿಸಿಕೊಂಡು ನನ್ನ ಹತ್ತಿರ ಸರಿದು, "ಬಂದಿದ್ದು ಬಂದಿದ್ದೀರ, ಮಾದಿ ಕೂಡಾ ತೀಸ್ಕೋಂಡಿ ಸಾರ್. ನಮ್ಮದನ್ನೂ ತಗೊಂಡೋಗಿ. ಐನೂರು ಕೊಡಿ ಸಾಕು" ಅಂದರು. ಬಾಷಾ ಸಾಬರ ಸಾವಿರ ನನ್ನ ಕಣ್ಣೆದುರೇ ಐನೂರಾಯಿತು. ಆಗ ಮಜ್ಜಿಗೆ ತಂದ ರೆಡ್ಡಿಯವರ ಹೆಂಡತಿ ನನ್ನ ಚೀಲವನ್ನು ಎತ್ತಿ ಒಳಗೂ ಹೊರಗೂ ನೋಡಿ, "ಈ ಸಂಚಿ ಎಕ್ಕಡ ಕೊನ್ನಾರು?" ಎಂದು ಕೇಳಿದರು. ಎಲ್ಲಿ ಕೊಂಡಿರಿ ಅಂತ. ನನಗೆ ಅಳುವೇ ಬಂತು.

ಮನೆಗೆ ಬಂದು ಸರೋಜಳ ಎದುರು ಕೂತು ಎಲ್ಲವನ್ನೂ ಒಪ್ಪಿಸಿದೆ. "ನಿನ್ನ ಮೆಷಿನ್ ನನ್ನ ಕೈಲಿ ಆಗಲ್ಲ ಕಣೇ. ಇದು ಬರೀ ಸೌದೆ" ಅಂದೆ. ಬೈಯಲಿ ಎಂದು ತಲೆ ತಗ್ಗಿಸಿ ಕಾದೆ. ಅವಳು ಬಾಯಲ್ಲಿದ್ದ ಸೂಜಿ ತೆಗೆದು, "ಒಟ್ಟು ಎಷ್ಟು ಜನ ಚೀಲ ಕೇಳಿದ್ರು ಅಂದ್ರಿ?" ಎಂದಳು.

ಮೊದಲು ಹೋದದ್ದು ಮುಳಬಾಗಿಲಿಗೆ ಒಂದು, ರಾಯಲ್ಪಾಡಿಗೆ ಒಂದು. ಆಮೇಲೆ ಬಾಷಾ ಸಾಬರು ನೇತಾಡುವ ಹದಿನಾಲ್ಕಕ್ಕೂ ಹೊಲಿಸಿದರು. ಧೂಳು ಹಿಡಿದ ಗಿಟಾರಿಗೆ ರೇಟಿಲ್ಲ, ಚೀಲದಲ್ಲಿದ್ದರೆ ಕೇಳುವವರು ಕೇಳಿಯಾರು ಅನ್ನುವ ಆಸೆ ಅವರಿಗೆ. ಅದು ಆಗಲಿಲ್ಲ, ಆದರೆ ಚೀಲ ಮಾತ್ರ ಬೇರೆಯಾಗಿ ಹೋಗತೊಡಗಿತು. ಯಾರೂ ಬಾರಿಸದ, ಯಾರೂ ಕೊಳ್ಳದ, ಬಿಸಾಕಲೂ ಮನಸ್ಸು ಬಾರದ ಗಿಟಾರು ಎಷ್ಟು ಮನೆಗಳಲ್ಲಿದೆಯೋ ಅಷ್ಟು ಚೀಲ ಬೇಕಲ್ಲ! ಎಂಟು ತಿಂಗಳಲ್ಲಿ ಸರೋಜ ತನ್ನ ದುಡಿಮೆಯಲ್ಲಿ ತಾನೇ ಮೆಷಿನ್ ತಂದಳು. ಆಟೋದಿಂದ ಇಳಿಸುವಾಗ ನಾನೊಂದು ಕಡೆ ಹಿಡಿದುಕೊಂಡೆ.

"ನಾನು ತಂದುಕೊಡ್ತೀನಿ ಅಂದಿದ್ದೆ" ಅಂದೆ, ಮೆಲ್ಲಗೆ.

"ಹೌದು, ಅಂದಿದ್ರಿ. ಹುಷಾರು, ಬಾಗಿಲಿಗೆ ತಗಲುತ್ತೆ" ಅಂದಳು.

ಹೋದ ತಿಂಗಳು ಒಬ್ಬ ಪುಣ್ಯಾತ್ಮ ಮನೆಗೇ ಬಂದು, ಕತ್ತು ಬಗ್ಗಿದ್ದರೂ ಪರವಾಗಿಲ್ಲ, ಸಾವಿರದ ಐನೂರು ಕೊಡ್ತೀನಿ ಅಂದ. ನಾನು ಕುಣಿದಾಡುವುದೊಂದು ಬಾಕಿ. ಸರೋಜ ಒಳಗಿನಿಂದಲೇ, "ಅದು ಮಾರೋದಲ್ಲ, ಅಳತೆದು" ಅಂದಳು. ಹೋಗಿ ನೋಡಿದರೆ ಗಿಟಾರು ಅವಳ ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿದೆ. ಬಟ್ಟೆಗೆ ತಗಲಿ ಎಳೆ ಬಿಡುತ್ತದೆಂದು ಆರೂ ತಂತಿ ಬಿಚ್ಚಿಹಾಕಿದ್ದಾಳೆ. ಎದೆಯ ಮೇಲೆ ಸೀಮೆಸುಣ್ಣದ ಗೆರೆ. ಅದು ಮನೆಗೆ ಬಂದ ಐದು ವರ್ಷದಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬಂದಿತ್ತು, ನನ್ನ ಕೈಯಿಂದ ತಪ್ಪಿಸಿಕೊಂಡ ಮೇಲೆ.

ಈಗ ಭಾನುವಾರಗಳಲ್ಲಿ ಚೀಲ ತಲುಪಿಸುವ ಕೆಲಸ ನನ್ನದು. ಮೊನ್ನೆ ಶ್ರೀನಿವಾಸಪುರದಲ್ಲಿ ಒಂದು ಮನೆಗೆ ಹೋಗಿದ್ದೆ. ನನ್ನ ವಯಸ್ಸಿನವರೇ ಒಬ್ಬರು, ಸಣ್ಣ ಹೊಟ್ಟೆ, ಊದಿದ ಬೆರಳುಗಳು. ಚೀಲ ತೊಡಿಸಿ ಜಿಪ್ಪು ಎಳೆದರು, ಸರಿಯಾಗಿ ಕೂತಿತು. ಸಂತೋಷಪಟ್ಟು, ಬಹಳ ಆಸೆಯಿಂದ, "ಸಾರ್, ನಿಮಗೇನಾದ್ರೂ ಬಾರಿಸೋಕೆ ಬರುತ್ತಾ? ಈ ಎಫ್ ಒಂದು ಹೇಗೆ ಹಿಡಿಯೋದು ಅಂತ..." ಎಂದು ಕೇಳಿದರು.

"ಇಲ್ಲ ಸಾರ್" ಅಂದೆ. "ನಮ್ಮದು ಬಟ್ಟೆ ವ್ಯಾಪಾರ."